ಉಠಮ್ಣಾದಲ್ಲಿ ಕೂಗುವ ಹೆಸರು

೩ ಫೆಬ್ರವರಿ, ಬೆಳಗ್ಗೆ

ಕಿಟಕಿ ಕಡೆಯ ಪೀಪಾಯಿಯ ಬಿರಡೆ ತೆಗೆದು ನೋಡಿದೆ. ಕಬ್ಬಿನ ಹಾಲು ಇನ್ನೂ ಸಿಹಿ. ವಿನೆಗರ್ ಆಗಲು ತಿಂಗಳುಗಳೇ ಬೇಕು. ಪಪ್ಪನಿಗೆ ಹೋಗಿ ಹೇಳಿದೆ. ಲಕ್ವ ಹೊಡೆದ ಮೇಲೆ ಮಾತಿಲ್ಲ, ಕಣ್ಣು ಮಿಟುಕಿಸಿದರು. ಗಂಜಿ ತಂದೆ ಎಂದರೆ ಅಷ್ಟೂ ಇಲ್ಲ.

ಮಿನೋಚೆರ್ ಮುಂಬೈಯಿಂದ ನವ್ಸಾರಿಗೆ ಬಂದಿಳಿದಿದ್ದಾನೆ. ಕಾಕಾನ ಮಗ. ಯಾರೂ ಕರೆದಿರಲಿಲ್ಲ. ನಮ್ಮ ವಿನೆಗರ್ ಕಾರ್ಖಾನೆಯ ಅಂಗಳ ಅಳೆದು, ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ.

"ಈ ಹುಳಿ ನಾತದಲ್ಲಿ ಹೇಗಿರ್ತೀಯೇ ಪೆರಿನ್? ಮಾರಿ ಫ್ಲಾಟ್ ಎಬ್ಬಿಸಿದ್ರೆ ಎಲ್ರೂ ಕಾಲು ಚಾಚಿ ಕೂರಬಹುದು."

"ನೀನು ಈಗ್ಲೂ ಹಾಗೇ ಕೂತಿದೀಯಲ್ಲ."

ಅವನು ನಕ್ಕ. ನಾನು ಹೋಗಿ ಪೀಪಾಯಿಗಳನ್ನು ಮತ್ತೆ ಎಣಿಸಿದೆ.

೫ ಫೆಬ್ರವರಿ

ಅವನನ್ನು ಕಂಡರೆ ಭಯ ಯಾಕೆಂದು ಬರೆದುಬಿಡುತ್ತೇನೆ. ಪಪ್ಪನಿಗೆ ಗಂಡುಮಗನಿಲ್ಲ. ನಮ್ಮ ಪಾರ್ಸಿಗಳಲ್ಲಿ ಅಂಥವರು ಸತ್ತರೆ ಮೂರನೇ ದಿನ, ಉಠಮ್ಣಾ ಪ್ರಾರ್ಥನೆಯಲ್ಲಿ, ಎಲ್ಲರೆದುರು ಒಬ್ಬ ಪಾಲಕ ಪುತ್ರನ, ಅಂದರೆ ದತ್ತುಮಗನ, ಹೆಸರು ಹೇಳಬೇಕು. ಬೇರೆ ಮನೆಗಳಲ್ಲಿ ಅವನಿಗೆ ಪ್ರಾರ್ಥನೆಯ ಹೊಣೆ ಮಾತ್ರ. ನಮ್ಮಲ್ಲಿ ಮುತ್ತಜ್ಜನ ಕಾಲದಿಂದ ಕಾರ್ಖಾನೆಯೂ ಅವನದೇ... ಹದಿನೆಂಟು ವರ್ಷ ನಾನು ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹೆಸರು ಹೇಳಬೇಕಾದವಳು ಮನೆಗೆ ಹಿರಿಯಳು — ಧನ್‌ಮಾಯಿ ಫೋಯಿ, ಪಪ್ಪನ ಅಕ್ಕ.

೬ ಫೆಬ್ರವರಿ

ಯಾರ ಹೆಸರು ಹೇಳಲಿ ಎಂದು ಫೋಯಿ ಪಪ್ಪನ ಕೈ ಹಿಡಿದು ಕೇಳಿದಳಂತೆ. ಮಿನೋಚೆರ್ ಎಂದಾಗ ಕೈ ಸುಮ್ಮನಿತ್ತು. ಪೆರಿನ್ ಎಂದಾಗ ಬಿಗಿಯಾಯಿತು.

"ನಿನ್ನ ಹೆಸರೇ ಹೇಳ್ತೀನಿ ಕಣೇ. ಹೆಣ್ಣಾದ್ರೇನು."

"ನಮ್ಮ ಸಮಾಜದ ಅಂಜುಮನ್ ಹಿರಿಯರು ಎದ್ದು ಹೋದ್ರೆ?"

"ಹೋಗ್ಲಿ. ಮಲೀದೊ ಸಿಹಿ ತಿನ್ನೋಕೆ ವಾಪಸ್ ಬಂದೇ ಬರ್ತಾರೆ."

ನಗು ಬಂತು. ಆದರೆ ಫೋಯಿಯ ಅಂಗೈ ಬೆವೆತಿತ್ತು.

೧೧ ಫೆಬ್ರವರಿ, ಸಂಜೆ

ಪಪ್ಪ ಇಲ್ಲ. ಒಂಬತ್ತನೇ ತಾರೀಖು ಬೆಳಗ್ಗೆ ಹೋದರು. ಬರೆಯಲಾಗಲಿಲ್ಲ.

ಇವತ್ತು ಉಠಮ್ಣಾ. ಪುರೋಹಿತರಾದ ದಸ್ತೂರ್‌ಜಿ, "ಪಾಲಕ ಪುತ್ರ ಯಾರು?" ಎಂದರು. ಫೋಯಿ ಎದ್ದಳು. ಮುಂದಿನ ಸಾಲಿನಲ್ಲಿ ಬಿಳಿ ಡಗ್ಲಿ ತೊಟ್ಟು ಕೂತ ಹಿರಿಯರನ್ನು ನೋಡಿದಳು. ನನ್ನತ್ತ ನೋಡಲಿಲ್ಲ.

"ಮಿನೋಚೆರ್," ಎಂದಳು.

ಸೀದಾ ಪೀಪಾಯಿ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಂಡೆ. ಹುಚ್ಚುತನ, ಗೊತ್ತು. ಹೊರಗೆ ಕಾಲಿಟ್ಟರೆ ಅವನ ಬೀಗ ಬೀಳುತ್ತದೆ, ಅದೂ ಗೊತ್ತು. ನಾಳೆಯೇ ಪೀಪಾಯಿಗಳನ್ನೆಲ್ಲ ಚರಂಡಿಗೆ ಸುರಿಸುತ್ತಾನಂತೆ.

ಬಾಗಿಲು ತಟ್ಟುತ್ತಿದ್ದಾರೆ. ಫೋಯಿ. ಅಳುತ್ತಿದ್ದಾಳೆ.

"ಹೆದರಿಬಿಟ್ಟೆ ಮಗಳೇ. ಅವರೆಲ್ಲ ಎದ್ದು ಹೋದ್ರೆ ನಾಳೆ ನನ್ನ ಸಾವಿಗೆ ಯಾರೂ ಬರಲ್ಲ ಅಂತ... ಬಾಗಿಲು ತೆಗಿ. ನಾನೊಬ್ಳೇ ಇದೀನಿ."

ಸಿಟ್ಟು ಇಳಿದುಹೋಯಿತು. ನಾನಾದರೂ ಹೆದರಿಯೇ ಅಲ್ಲವೇ ಇಲ್ಲಿ ಕೂತಿರುವುದು. ತೆಗೆಯೋಣವೆಂದು ಎದ್ದೆ. ಯಾಕೋ ಮೊದಲು ಬಗ್ಗಿ ಬಾಗಿಲಿನ ಕೆಳಗೆ ನೋಡಿದೆ.

ಫೋಯಿಯ ಚಪ್ಪಲಿ. ಅದರ ಹಿಂದೆ ಗಂಡಸಿನ ಬೂಟು. ಅಲುಗದೆ ನಿಂತಿವೆ.

ಚಿಲಕ ಮುಟ್ಟದೆ ಬಂದು ಕೂತಿದ್ದೇನೆ. ಅವಳು ಇನ್ನೂ ಹೇಳುತ್ತಲೇ ಇದ್ದಾಳೆ — ಒಬ್ಬಳೇ ಇದ್ದೇನೆ ಮಗಳೇ, ಒಬ್ಬಳೇ —