ಇನ್ನೆರಡು ವರ್ಷದ ಕಾಗದ

ಮಾರ್ಚ್ ೯, ಭಾನುವಾರ

ನನ್ನ ಚಿನಕುರುಳಿಗೆ, ಅಮ್ಮ ಕೆನ್ನೆ ಹಿಂಡಿ ಕೊಟ್ಟ ಮುತ್ತುಗಳು.

ಬರೆಯುತ್ತೇನೆ ಬರೆಯುತ್ತೇನೆ ಎಂದುಕೊಂಡೇ ಹದಿನೈದು ದಿನ ಕಳೆದೆ. ತಪ್ಪಾಯಿತು. ನೀನೂ ಕಡಿಮೆಯವಳಲ್ಲ ಬಿಡು. ಫೋನ್ ಮಾಡಿದಾಗಲೆಲ್ಲ ಅಜ್ಜಿಯ ಕೈಲಿ "ಓದ್ಕೋತಿದ್ದಾಳೆ" ಅನ್ನಿಸುತ್ತೀಯ. ಓದಲೆಂದು ಮನೆ ಬಿಟ್ಟ ಅಮ್ಮನಿಗೇ ಓದಿನ ನೆಪ! ಮನೆ ಬಿಟ್ಟ ಮೇಲೆ ಎರಡು ರಜೆಗೂ ಬರುತ್ತೇನೆಂದು ಹೇಳಿ ಒಮ್ಮೆಯೂ ಬರಲಿಲ್ಲ, ಈಗ ಇನ್ನೆರಡು ವರ್ಷದ ಸುದ್ದಿಯೂ ನಿನ್ನ ಕಿವಿಗೆ ಬಿದ್ದಿದೆಯಂತೆ. ಕೋಪ ಬರದೆ ಇನ್ನೇನು?

ನಾನೇ ಹೇಳಬೇಕಿತ್ತು. ಈ ಆಫೀಸಿನಲ್ಲಿ ನನ್ನ ತರಬೇತಿಯ ಎರಡು ವರ್ಷ ಮುಂದಿನ ತಿಂಗಳಿಗೆ ಮುಗಿಯುತ್ತದೆ. ಇಷ್ಟಕ್ಕೇ ಗಂಟು ಕಟ್ಟಿಕೊಂಡು ಬಂದರೆ ಮೊದಲಿನ ಹಾಗೆ ಬೇರೆಯವರು ಬರೆದ ಮನೆ ನಕ್ಷೆ ನಕಲು ಮಾಡುತ್ತ ಕೂರಬೇಕು. ಇನ್ನೆರಡು ವರ್ಷ ವಾರಕ್ಕೆ ನಾಲ್ಕು ದಿನ ಇಲ್ಲಿ ಕೆಲಸ, ಒಂದು ದಿನ ಕಾಲೇಜು ಮಾಡಿದರೆ ಕೊನೆಯ ಪರೀಕ್ಷೆಗೆ ಕೂರಬಹುದು. ಪಾಸಾದರೆ ನಿನ್ನ ಅಮ್ಮ ಆರ್ಕಿಟೆಕ್ಟ್. ಒಪ್ಪಿಗೆಯ ಕಾಗದಕ್ಕೆ ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು.

ಇಲ್ಲಿ ನನ್ನ ಜೊತೆ ಕಲಿಯುವವರೆಲ್ಲ ಇಪ್ಪತ್ತರ ಆಸುಪಾಸಿನವರು. ಬಾಯಿ ತುಂಬ "ಆಂಟಿ" ಅನ್ನುತ್ತಾರೆ, ಊಟಕ್ಕೆ ಮಾತ್ರ ಕರೆಯುವುದಿಲ್ಲ. ಕಿಟಕಿ ಪಕ್ಕ ಒಬ್ಬಳೇ ಡಬ್ಬಿ ಬಿಚ್ಚುತ್ತೇನೆ. ನಮ್ಮ ನಕ್ಷೆ ತಿದ್ದುವ ಹಿರಿಯರಿಗೆ ಮಿಲಿಮೀಟರ್ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ, ಯಾರ ಹತ್ತಿರವೂ ಬಾಯಿ ಬಿಡಬೇಡ. ಮೊದಲ ಆರು ತಿಂಗಳು ನನ್ನ ಕೈಲಿ ಬರೀ ಬಚ್ಚಲುಮನೆ ಬರೆಸಿದರು. ಒಮ್ಮೆ ನಾನು ಬರೆದ ಬಾಗಿಲು ತೆರೆದರೆ ಕಮೋಡಿಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಒಳಗೆ ಹೋದವರು ಹೊರಗೆ ಬರುವುದು ಬೇಡವೇನಮ್ಮ ಎಂದು ಕೇಳಿದರು. ದಿನವಿಡೀ ನಗು ತಡೆದುಕೊಂಡೆ. ರೂಮಿಗೆ ಬಂದರೆ ಹೇಳಿಕೊಳ್ಳಲು ಯಾರೂ ಇಲ್ಲ. ಗೋಡೆಗೆ ಹೇಳಿ ನಕ್ಕು, ಆಮೇಲೆ ಅತ್ತೆ.

ಹಿಡಿದ ಕೆಲಸ ಮುಗಿಸಿಕೊಂಡೇ ಬಾ, ನಾನಿದ್ದೇನಲ್ಲ ಎಂದು ಅಜ್ಜಿ ಧೈರ್ಯ ಹೇಳುತ್ತಾರೆ. ಅವರು ಹೇಳಿದ್ದಾಯಿತು, ನೀನು ಹೇಳಬೇಕು. "ಬೇಡ, ಬಾ" ಅಂದರೂ ಸರಿಯೇ. ನಿನ್ನನ್ನು ಕೇಳದೆ ಸಹಿ ಹಾಕುವುದಿಲ್ಲ, ಇದು ಅಮ್ಮನ ಮಾತು. ಈ ಮಾತಿನ ಮೇಲೆ ನಿನಗೀಗ ನಂಬಿಕೆಯಿಲ್ಲ ಅಂತಲೂ ಗೊತ್ತು.

ಅಜ್ಜಿಗೆ ನನ್ನ ನಮಸ್ಕಾರ. ನೀನು ನೂರು ವರ್ಷ ತಣ್ಣಗಿರು, ಜಗಳವಾಡುವುದಾದರೂ ನನ್ನ ಜೊತೆಯೇ ಆಡು.

ನಿನ್ನ
ಅಮ್ಮ

ತಾ. ಕ.: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಮೊನ್ನೆ ಯಾರದೋ ಮನೆಯ ಮಕ್ಕಳ ಕೋಣೆ ನನ್ನ ಪಾಲಿಗೆ ಬಂತು. ಅಲ್ಲಿಯ ಹುಡುಗಿಗೂ ಹನ್ನೆರಡು ವರ್ಷ. ಕಪಾಟು ಅವಳ ಕೈಗೆ ಎಟುಕಬೇಕಿತ್ತು. ಯಾವ ವಯಸ್ಸಿಗೆ ಎಷ್ಟು ಎತ್ತರ ಎಂದು ತಿಳಿಸುವ ಅಳತೆಯ ಪುಸ್ತಕ ನೋಡಲೇ ಇಲ್ಲ, ನನಗೂ ಹನ್ನೆರಡರ ಮಗಳಿದ್ದಾಳೆ ಎಂಬ ಜಂಬ. ನಿನ್ನ ನೆತ್ತಿ ನನ್ನ ಭುಜಕ್ಕೆ ತಾಗುತ್ತದಲ್ಲ, ಎದ್ದು ನಿಂತು ಅಲ್ಲಿಗೇ ಟೇಪು ಹಿಡಿದು ಲೆಕ್ಕ ಹಾಕಿದೆ. ಮೇಷ್ಟ್ರು ನೋಡಿ, "ಇದು ಹತ್ತು ವರ್ಷದ ಮಗುವಿನ ಎತ್ತರ ಕಣಮ್ಮ" ಅಂದರು. ಫೋನಿನಲ್ಲಿ ನಿನ್ನ ಮುಖವಷ್ಟೇ ಕಾಣುತ್ತಿತ್ತು. ಈಗ ನೀನು ನನ್ನ ಎಲ್ಲಿಯವರೆಗೆ ಬರುತ್ತೀ ಮಗಳೇ? ನನಗೆ ಗೊತ್ತಿಲ್ಲ. ಬೇರೇನೂ ಬರೆಯದಿದ್ದರೂ, ಅಜ್ಜಿಯ ಕೈಲಿ ಅಳತೆ ತೆಗೆಸಿ ಅದೊಂದನ್ನಾದರೂ ಬರೆದು ಕಳಿಸು.