ಉಪ್ಪುನೀರಿನ ಇಲಿಗಳು

ಪ್ರಯೋಗಾಲಯ,
ಮಂಗಳವಾರ ಸಂಜೆ

ಸಂಶೋಧಕ ಶಿರೋಮಣಿಗಳಾದ ನಮ್ಮ ಮನೆಯವರಿಗೆ,

ನಿಮ್ಮ ಅಕ್ಕನ ಮನೆಯಲ್ಲಿ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸಿ. ನಮ್ಮಿಬ್ಬರ ಹೆಸರಿನಲ್ಲಿ ನೀವು ಬರೆದು ನನ್ನ ಸಹಿಗೆ ಕಳಿಸಿದ ಪ್ರಬಂಧ ಓದಿ ಬಂದ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ನಾನು ಸಹಿ ಹಾಕುವುದಿಲ್ಲ.

ಕನಸಿನ ನಿದ್ದೆಯಲ್ಲಿ ಇಲಿಯ ಮಿದುಳಿನ ಕಾಂಡದಲ್ಲಿ ವಿದ್ಯುತ್ ಅಲೆಗಳೇಳುತ್ತವೆ, ಅಲ್ಲಿಗೆ ಸೆರೊಟೋನಿನ್ ಎಂಬ ಔಷಧ ಬಿಟ್ಟರೆ ಅಡಗುತ್ತವೆ ಎಂದು ಬರೆದಿದ್ದೀರಿ. ಇರಬಹುದು, ನಾನೂ ಅದನ್ನೇ ನಂಬಿದವಳು. ಆದರೆ ಹೋಲಿಕೆಗೆಂದು ಔಷಧವಿಲ್ಲದೆ ಬರೀ ಉಪ್ಪುನೀರು ಬಿಟ್ಟ ಇಲಿಗಳಲ್ಲೂ ಅಲೆ ಅಡಗಿದವಲ್ಲ, ಅವು ಪ್ರಬಂಧದಲ್ಲಿ ಎಲ್ಲಿ ಹೋದವು? ಬೆಕ್ಕು ತಿಂದಿತೇ?

ವಾರಗಟ್ಟಲೆ ಅವುಗಳನ್ನು ತೋಳಿನ ಮೇಲೆ ಓಡಾಡಿಸಿ ಪಳಗಿಸಿದವಳು ನಾನು. ನನಗೆ ಜ್ವರ ಬಂದ ದಿನ ನೀವು ಹೋಗಿ ಬಾಲ ಹಿಡಿದು ಎತ್ತಿದಿರಿ. ಹೆದರಿದ ಇಲಿ ಮಲಗಿದರೂ ಕನಸಿನ ನಿದ್ದೆಗೆ ಇಳಿಯುವುದಿಲ್ಲ. ಅಲೆ ಅಡಗಿಸಿದ್ದು ಔಷಧವೋ ನಿಮ್ಮ ಕೈಯೋ? ಕೇಳಿದ್ದಕ್ಕೆ, "ನಿಂಗೆ ಎಲ್ಲದರಲ್ಲೂ ಕೊಂಕು, ನಿನ್ನ ಜೊತೆ ಬಾಳೋದೇ ಒಂದು ಪರೀಕ್ಷೆ" ಎಂದು ಚೀಲ ಹೆಗಲಿಗೇರಿಸಿ ಹೊರಟಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಹೆಂಡತಿಯೇ ಡೊಂಕು ಅಂದಿರಿ.

ನಿನ್ನೆ ಪ್ರೊಫೆಸರ್ ಬಂದು, "ಏನಮ್ಮ, ಗಂಡ ಹೆಂಡತಿ ಜಗಳದಲ್ಲಿ ಇಲಿಗಳನ್ನ ಯಾಕೆ ಎಳೀತೀರಿ?" ಅಂದರು. "ಜಗಳ ಆಮೇಲೆ ಸರ್, ಮೊದಲು ಇಲಿಗಳು ಪ್ರಬಂಧಕ್ಕೆ ವಾಪಸ್ ಬರಲಿ" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಸುಳ್ಳಿಗೆ ನನ್ನ ಹೆಸರು ಅಂಟಿದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಪ್ರಯೋಗ ಮೊದಲಿನಿಂದ ಮಾಡಿ. ಇಲಿಗಳನ್ನು ನಾನೇ ಪಳಗಿಸಿಕೊಡುತ್ತೇನೆ. ಅತ್ತಿಗೆಗೆ ನಮಸ್ಕಾರ ಹೇಳಿ. ದೇವರು ನಿಮಗೆ ಆರೋಗ್ಯ ಕೊಡಲಿ, ಬುದ್ಧಿಯನ್ನು ಆಮೇಲೆ ಕೊಟ್ಟರೂ ಆದೀತು.

ಇನ್ನೂ ನಿಮ್ಮ ಹೆಂಡತಿಯಾಗಿರುವ,
ಡೊಂಕು

ತಾ.ಕ.: ಭಾನುವಾರ ಮಧ್ಯಾಹ್ನ ಈ ಪ್ರಬಂಧವನ್ನು ನಿಮ್ಮ ಮುಖಕ್ಕೆ ಎಸೆಯಲೆಂದೇ ಅತ್ತಿಗೆಯ ಮನೆಗೆ ಬಂದಿದ್ದೆ. ನೀವು ಹೊರಗಿನ ಬೆಂಚಿನ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿದ್ದಿರಿ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಓಡಾಡುತ್ತಿದ್ದವು. ಕನಸಿನ ನಿದ್ದೆ, ಅದನ್ನು ಗುರುತಿಸುವುದೇ ನನ್ನ ಕೆಲಸ. ಒಳಗೆ ಅತ್ತಿಗೆ ಪಾತ್ರೆ ಬಡಿಯುತ್ತಿದ್ದರೂ ನಿಮಗೆ ಎಚ್ಚರವಾಗಲಿಲ್ಲ. ಎಬ್ಬಿಸದೆ ವಾಪಸ್ ಬಂದೆ. ನಮ್ಮ ಮನೆಯಲ್ಲಿ ನಾನು ಮಗ್ಗಲು ಬದಲಿಸಿದರೂ ಬೆಚ್ಚಿ ಏಳುತ್ತಿದ್ದಿರಿ, "ನನ್ನ ನಿದ್ದೆನೇ ಹಂಗೆ" ಅನ್ನುತ್ತಿದ್ದಿರಿ. ಉಪ್ಪುನೀರಿನ ಇಲಿಗಳ ಹಾಗೆ ನಮ್ಮ ಮನೆಯಲ್ಲಿ ನಿಮಗೂ ಯಾರೂ ಔಷಧ ಹಾಕಿರಲಿಲ್ಲವಲ್ಲ. ಹಾಗಾದರೆ ಇಷ್ಟು ವರ್ಷ ನೀವು ಹೆದರಿದ್ದು ನನಗೇನಾ?