ವಾಪಸು ಬಾರದ ನೀರು

ಅಳತೆ ಕೋಣೆ,
ಮಾರ್ಚ್ ೯, ಸೋಮವಾರ

ಪ್ರೀತಿಯ ಗುಬ್ಬಿಗೆ, ಅಮ್ಮನ ಮುತ್ತು.

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಮೂರು ಸಲ ಬರೆದು ಮೂರು ಸಲ ಹರಿದೆ. ಮೊನ್ನೆ ಫೋನಿನಲ್ಲಾದರೂ ಹೇಳಿಬಿಡೋಣವೆಂದು ಮಾಡಿದರೆ, ನಿನ್ನ ದನಿ ಕೇಳಿದ್ದೇ ತಡ, "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಟ್ಟೆ. ಆಗ ಬೆಳಗಿನ ಒಂಬತ್ತು ಗಂಟೆ. ನೀನು ಏನಂದುಕೊಂಡೆಯೋ.

ಇಬ್ಬರೂ ಚೆನ್ನಾಗಿದ್ದೇವೆ. ಅಂದರೆ ನಿಮ್ಮಪ್ಪ ಚೆನ್ನಾಗಿದ್ದಾರೆ. ದೇಶದ ಕರೆಂಟೆಲ್ಲ ಸೇರಿ ಎಷ್ಟು ನೀರು ಕುಡಿಯುತ್ತದೆ ಎಂದು ನಿಮ್ಮ ಆಫೀಸಿನವರು ಪುಸ್ತಕ ಮಾಡುತ್ತಿರುವುದನ್ನು ಬರೆದಿದ್ದೆಯಲ್ಲ, ಅಡುಗೆಮನೆಯ ದೀಪ ಒಂದು ಗಂಟೆ ಉರಿದರೆ ಎಲ್ಲೋ ಒಂದು ಲೋಟ ನೀರು ಹಬೆಯಾಗುತ್ತದೆ ಎಂದೂ ಬರೆದಿದ್ದೆ. ಅಂದಿನಿಂದ ನನಗೆ ದೀಪ ಕಂಡರೆ ಗಂಟಲು ಒಣಗುತ್ತದೆ. ನಿಮ್ಮಪ್ಪ ಹೊಲಿಯುತ್ತಿದ್ದಾಗಲೇ ಹೋಗಿ ಸ್ವಿಚ್ಚು ಒತ್ತಿದೆ. "ಲೇ, ನಾನು ಸೂಜಿಗೆ ದಾರ ಪೋಣಿಸ್ಲೋ, ನದಿ ಕಾಯ್ಲೋ? ತೋಳಿರೋ ಕಡೆ ಕಾಲು ಹೊಲಿದುಬಿಟ್ರೆ ಗಿರಾಕೀನ ನಿನ್ನ ಹತ್ರಾನೇ ಕಳಿಸ್ತೀನಿ ನೋಡು," ಎಂದರು.

ಪುಸ್ತಕದ ಕರಡಿನಲ್ಲಿ ನೀನು ನಮ್ಮ ವಿದ್ಯುತ್ ಸ್ಥಾವರದ ಸಾಲಿಗೆ ಕೆಂಪು ಗೆರೆ ಎಳೆದು, "ಅಮ್ಮಾ, ಇದು ನಿನ್ನ ಅಂಕಿ" ಎಂದು ಬರೆದು ಕಳಿಸಿದ್ದೆ. ಇಡೀ ದೇಶದಲ್ಲಿ ಕಡಿಮೆ ನೀರು ಕುಡಿಯುವುದು ನಮ್ಮದೇ ಎಂದು, ಹಾಗಾಗಿ ಇನ್ನೊಂದು ಘಟಕವನ್ನೂ ಇದೇ ನದಿಯ ಮೇಲೆ ಕಟ್ಟುತ್ತಾರೆಂದು, ಈ ತಿಂಗಳ ಇಪ್ಪತ್ತೆರಡಕ್ಕೆ ಪುಸ್ತಕ ಮಂತ್ರಿಗಳ ಕೈ ಸೇರುತ್ತದೆಂದು. ನಿಮ್ಮಪ್ಪ ಆ ಹಾಳೆಯನ್ನು ಅಂಗಡಿಯ ಕನ್ನಡಿಗೆ ಅಂಟಿಸಿದ್ದರು. ಅಳತೆ ಕೊಡಲು ಬಂದವರೆಲ್ಲ ಮೊದಲು ಅದನ್ನು ಓದಬೇಕಿತ್ತು. ನಾನು ಆ ಕಡೆ ತಲೆ ಎತ್ತುತ್ತಿರಲಿಲ್ಲ.

ಗುಬ್ಬಿ, ಆ ಅಂಕಿ ಸುಳ್ಳು.

ನನ್ನ ಕೆಲಸ ನಿನಗೆ ಗೊತ್ತು. ನದಿಯಿಂದ ಒಳಗೆ ಹೋಗುವ ನೀರಿಗೆ ಒಂದು ಮೀಟರು, ಯಂತ್ರ ತಣಿಸಿ ವಾಪಸು ನದಿಗೆ ಬರುವ ನೀರಿಗೆ ಒಂದು. ಹೋದದ್ದರಲ್ಲಿ ಬಂದದ್ದು ಕಳೆದರೆ ಸ್ಥಾವರ ಕುಡಿದದ್ದು. ವಾಪಸಿನ ಮೀಟರು ಕೆಟ್ಟು ಹದಿನಾಲ್ಕು ತಿಂಗಳಾಯಿತು. ನಮ್ಮ ಮೇಲಿನವರಿಗೆ ಹೇಳಿದೆ. ಏನು ಹೇಳಿದರೂ ಹೂಂ ಎನ್ನುವುದರಿಂದ ಅವರನ್ನು ಹೂಂಸಾಹೇಬರು ಅನ್ನುತ್ತೇವೆ. "ಹೂಂ. ಹತ್ತು ಪಾಲು ಹೋದ್ರೆ ಎಂಟು ಪಾಲು ಬಂತು ಅಂತ ಬರೀತಿರಿ ಅಕ್ಕಾ. ಹೊಸ ಮೀಟರು ಬರೋವರೆಗೆ," ಎಂದರು. ಆಗ ಅದು ಸುಳ್ಳೂ ಆಗಿರಲಿಲ್ಲ. ವಾಪಸು ನೀರು ನದಿಗೆ ಹೋಗುವ ಕಾಲುವೆಯ ನಾಲ್ಕು ಮೆಟ್ಟಿಲು ಮುಳುಗುತ್ತಿದ್ದವು. ಆಮೇಲೆ ಮೂರನೆಯ ತಣಿಸುವ ಗೋಪುರ ಶುರುವಾಯಿತು. ಹಬೆ ಆಕಾಶಕ್ಕೆ ಹೋಯಿತು, ಮೆಟ್ಟಿಲು ಎರಡೇ ಮುಳುಗಿದವು. ನಾನು ದಿನಾ ಆ ಎರಡು ಮೆಟ್ಟಿಲನ್ನು ನೋಡಿಕೊಂಡೇ ಎಂಟು ಪಾಲು ಎಂದು ಬರೆದೆ. ನಕಲು ಎಂದು ಗೊತ್ತಾಗದಿರಲಿ ಎಂದು ಒಂದು ದಿನ ಚೂರು ಹೆಚ್ಚು, ಒಂದು ದಿನ ಚೂರು ಕಡಿಮೆ ಮಾಡಿದೆ. ಆ ಬುದ್ಧಿ ಎಲ್ಲಿಂದ ಬಂತೋ! ಬಾಯಿಬಿಟ್ಟರೆ, ಆರನೇ ಕ್ಲಾಸಿಗೆ ಬಿಟ್ಟವಳ ಕೈಗೆ ಮೀಟರು ಕೊಟ್ಟರೆ ಇನ್ನೇನಾಗುತ್ತದೆ ಎನ್ನುತ್ತಾರೆಂಬ ಹೆದರಿಕೆ. ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು ಎಂದು ತಿಂಗಳುಗಳೇ ಕಳೆದವು.

ಗುರುವಾರ ಹೂಂಸಾಹೇಬರ ಮುಂದೆ ನಿಂತು, ಪುಸ್ತಕದವರಿಗೆ ನಿಜ ತಿಳಿಸೋಣ ಎಂದೆ. ಮೊದಲ ಸಲ ಅವರು ಹೂಂ ಅನ್ನಲಿಲ್ಲ. "ಅಕ್ಕಾ, ಇಷ್ಟು ದಿನದ್ದು ಸುಳ್ಳು ಅಂತ ಈಗ ಹೇಳಿದ್ರೆ, ಬರೆದ ಕೈ ಯಾರದು ಅಂತ ಕೇಳ್ತಾರೆ. ಪ್ರತಿ ಪುಟದಲ್ಲೂ ರುಜು ನಿಮ್ಮದು," ಎಂದು ಮೆತ್ತಗೆ ಹೇಳಿ ಟೀ ತರಿಸಿಕೊಟ್ಟರು. ಲೋಟ ಅಲ್ಲೇ ಬಿಟ್ಟು ಬಂದೆ.

ಸಂಜೆ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ ಕನ್ನಡಿಯ ಹಾಳೆ ಬಿಡಿಸಿ ತಂದರು. "ಪ್ಯಾಂಟು ಬಿಗಿಯಾದ್ರೆ ಬಿಚ್ಚಿ ಮತ್ತೆ ಅಳತೆ ತಗೋಬೇಕು. ಅತ್ರೆ ಸಡಿಲಾಗುತ್ತಾ?" ಎಂದರು. ನಿನ್ನೆ ರಜೆ. ಅವರ ಟೇಪು ಹಿಡಿದು ಇಬ್ಬರೂ ಕಾಲುವೆಗೆ ಹೋದೆವು. ಅಗಲ, ಆಳ, ಎರಡು ಕಂಬಗಳ ನಡುವಿನ ದೂರ ಅಳೆದೆವು. ದಾರ ಮುಗಿದ ಖಾಲಿ ರೀಲನ್ನು ನೀರಿಗೆ ಬಿಟ್ಟು, ಈ ಕಂಬದಿಂದ ಆ ಕಂಬಕ್ಕೆ ಎಷ್ಟು ಸೆಕೆಂಡು ಎಂದು ಅವರ ಗಡಿಯಾರದಲ್ಲಿ ಎಣಿಸಿದೆವು. ಹತ್ತು ಸಲ. ಎರಡು ರೀಲು ನದಿಗೆ ಹೋದವು. ಎಲ್ಲವನ್ನೂ ಇದರ ಜೊತೆಗಿರುವ ಚೀಟಿಯಲ್ಲಿ ಬರೆದಿದ್ದೇನೆ. ದಶಮಾಂಶದ ಭಾಗಾಕಾರ ಶುರುಮಾಡುವ ಮೊದಲೇ ನನ್ನ ಶಾಲೆ ಮುಗಿದಿತ್ತು, ಅದನ್ನು ನೀನೇ ಮಾಡಿಕೋ. ನನಗೆ ಕಾಣುವಂತೆ ಎಂಟು ಪಾಲಲ್ಲ, ನಾಲ್ಕೂ ಇಲ್ಲ.

ಇದನ್ನು ನಿನ್ನ ಮುಖ್ಯಸ್ಥರಿಗೆ ತೋರಿಸಿದರೆ ನಿನ್ನ ಕೆಲಸಕ್ಕೆ ಏನಾಗುತ್ತದೋ ಎಂಬ ಯೋಚನೆ. ತೋರಿಸದಿದ್ದರೆ ನದಿಯ ಕೆಳಗಿನ ಪಟ್ಟಣದವರ ನಲ್ಲಿಗೆ ಏನಾಗುತ್ತದೋ ಎಂಬುದು ಅದಕ್ಕಿಂತ ದೊಡ್ಡ ಯೋಚನೆ. ತೋರಿಸು. ನಿನ್ನದೇನೂ ಇಲ್ಲ, ತಪ್ಪು ನನ್ನದು ಎಂದು ಚೀಟಿಯ ಕೆಳಗೆ ರುಜು ಹಾಕಿದ್ದೇನೆ. ಇಲ್ಲಿ ಏನು ಬಂದರೂ ನಾವು ನೋಡಿಕೊಳ್ಳುತ್ತೇವೆ.

ಹೊತ್ತಿಗೆ ಸರಿಯಾಗಿ ತಿನ್ನು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ನಿನಗೆ ನನ್ನ ಆಯಸ್ಸೂ ಸೇರಲಿ, ನನ್ನ ಪುಕ್ಕಲುತನ ಮಾತ್ರ ಬೇಡ.

ನಿನ್ನ
ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, "ಬೇರೆ ಎಲ್ಲ ಸ್ಥಾವರಗಳಿಗೂ ಎರಡೆರಡು ಸಲ ಫೋನು ಮಾಡಿ ಅಂಕಿ ಸರಿಯೇ ಎಂದು ಕೇಳಿದೆ. ನಿಮ್ಮಲ್ಲಿಗೆ ಮಾತ್ರ ಮಾಡಲಿಲ್ಲ, ಅಲ್ಲಿ ನೀನಿದ್ದೀಯಲ್ಲ" ಎಂದು ಬರೆದಿದ್ದೆ. ಹನ್ನೊಂದು ದಿನದಿಂದ ಅನ್ನ ಇಳಿಯದಿರುವುದು ಕೆಲಸ ಹೋಗುತ್ತದೆಂದಲ್ಲ ಗುಬ್ಬಿ. ನೀನು ಅಂದು ಫೋನು ಮಾಡಿ ಕೇಳಿದ್ದರೂ ನಾನು "ಸರಿಯಾಗಿದೆ ಮಗಳೇ" ಎಂದೇ ಹೇಳುತ್ತಿದ್ದೆ. ಇನ್ನು ಮೇಲೆ ನನ್ನನ್ನೂ ಎರಡು ಸಲ ಕೇಳು.